ನೇರಳೆ ಸೀರೆಯ ಬಿಳಿ ಚುಕ್ಕೆ

ಮಡಕಶಿರದಿಂದ ತಾಯಿ ಚಿತ್ತಮ್ಮ ಫೋನಿನಲ್ಲಿ ಏನೋ ಹೇಳಿದ್ದಕ್ಕೆ ವನಿತಾ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಎದುರಿಗೆ ಕೂತು ಮಂಡಕ್ಕಿಯ ಉಗ್ಗಾಣಿ ತಿನ್ನುತ್ತಿದ್ದ ರಾಮಾಂಜಿಗೆ ಆ ನಗುವಿನೊಳಗೆ, ಬಲಗಡೆ ಕೆಳಗಿನ ದವಡೆ ಹಲ್ಲಿನ ಮೇಲೆ, ತನ್ನದಲ್ಲದ ಸಿಮೆಂಟು ಕಂಡಿತು. ಕಂಡದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೆ ಅವನು ಹಲ್ಲಿನ ಡಾಕ್ಟರು. ರಾಯದುರ್ಗದ ಅರ್ಧ ಊರಿನ ಬಾಯಿ ಅವನಿಗೆ ಗೊತ್ತು, ಇನ್ನು ಹೆಂಡತಿಯ ಬಾಯಿ ಗೊತ್ತಿರದೆ ಹೋಗುತ್ತದೆಯೇ? ಆ ಹಲ್ಲಿಗೆ ರೂಟ್ ಕೆನಾಲ್ ಮಾಡಿದವನು ಅವನೇ. ಕೊಳೆತ ನರ ತೆಗೆದು, ಬೇರಿನೊಳಗಿನ ನಾಳ ತೊಳೆದು, ತುಂಬಿ, ಮೇಲೆ ಸಿಮೆಂಟು ಮೆತ್ತಿದ್ದ. ಅವನ ಸಿಮೆಂಟು ಸ್ವಲ್ಪ ಹಳದಿ, ಸಪಾಟು, ಕೆನ್ನೆಯ ಕಡೆ ಅಂಚಿನಲ್ಲಿ ಒಂದು ಸಣ್ಣ ಮುಕ್ಕು. ಈಗ ಕಂಡದ್ದು ಬಿಳಿ. ಬಿಳಿಯಷ್ಟೇ ಅಲ್ಲ, ಹುಟ್ಟಿದ ಹಲ್ಲಿಗಿರುವ ಗೀರುಗಳನ್ನು ಒಂದೂ ಬಿಡದೆ ಅದರ ಮೇಲೆ ಕೊರೆದಿದ್ದರು. ಅಷ್ಟು ತಾಳ್ಮೆ ಇರುವವನು ಈ ಸೀಮೆಯಲ್ಲಿ ಒಬ್ಬನೇ. ಅಕ್ಷರ ನೋಡಿ ಬರೆದವರನ್ನು ಗುರುತಿಸುವ ಹಾಗೆ ರಾಮಾಂಜಿ ಗುರುತಿಸಿದ: ಗೋವರ್ಧನ್. ಮಡಕಶಿರದ ಬಸ್‌ಸ್ಟ್ಯಾಂಡಿನ ಹಿಂದೆ ಕ್ಲಿನಿಕ್ಕು ಇಟ್ಟುಕೊಂಡಿರುವ, ಕಾಲೇಜಿನಲ್ಲಿ ತನ್ನ ಪಕ್ಕದ ಬೆಂಚಿನವನಾಗಿದ್ದ ಗೋವರ್ಧನ್.

"ಏನ್ರೀ, ಹಂಗೆ ನೋಡ್ತಿದ್ದೀರಾ?" ಫೋನಿಟ್ಟು ವನಿತಾ ಕೇಳಿದಳು.

"ಏನಿಲ್ಲ. ಮೆಣಸಿನಕಾಯಿ ಖಾರ ಐತಿ."

ಕೇಳಬಹುದಿತ್ತು. ಬಾಯಿ ತೆಗಿ ನೋಡೋಣ ಎಂದರೆ ಮುಗಿಯಿತು, ದಿನಕ್ಕೆ ಎಷ್ಟು ಜನರಿಗೆ ಹಾಗೆ ಹೇಳುವುದಿಲ್ಲ! ಆದರೆ ತಟ್ಟೆಯತ್ತ ಬಗ್ಗಿದ. ಅವಳು ತಟ್ಟೆಗೆ ಇನ್ನಷ್ಟು ಉಗ್ಗಾಣಿ ಬಡಿಸಿಕೊಂಡಳು, ಹುರಿದ ಶೇಂಗಾ ಬೀಜವನ್ನು ಆರಿಸಿ ಬಾಯಿಗೆ ಹಾಕಿಕೊಂಡಳು, ಬಲಗಡೆ ಅಗಿದಳು. ಬಲಗಡೆ! ಆಗ ಅವನಿಗೆ ಹೊಳೆದದ್ದು ಇದು: ಹಿಂದೆ ಎಷ್ಟೋ ದಿನ ಅವಳು ಎಡಗಡೆ ಮಾತ್ರ ಅಗಿಯುತ್ತಿದ್ದಳು. ಚಿಕ್ಕಿಯನ್ನು ಹಲ್ಲಿಗೆ ಕೊಡದೆ ಕೈಯಲ್ಲಿ ಮುರಿಯುತ್ತಿದ್ದಳು, ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸುತ್ತಿದ್ದಳು, ಊಟ ಮುಗಿಸಲು ಹೊತ್ತು ಹಿಡಿಯುತ್ತಿತ್ತು. ಸ್ಕೂಲಿನಲ್ಲಿ ಮಕ್ಕಳ ಹತ್ತಿರ ಒದರಿ ಒದರಿ ಸುಸ್ತಾಗಿ ಬಂದಿದ್ದಾಳೆ, ಅದಕ್ಕೇ ನಿಧಾನ ಎಂದುಕೊಂಡಿದ್ದ. ಕುರ್ಚಿಗೆ ಬಂದು ಕೂತ ಯಾರನ್ನಾದರೂ ಅವನು ಮೊದಲು ಕೇಳುವ ಮಾತೇ "ಯಾವ ಕಡಿ ಅಗೀತೀರಿ?" ಅನ್ನುವುದು. ದಿನಕ್ಕೆ ಎರಡು ಹೊತ್ತು ಎದುರಿಗೆ ಕೂತು ಉಂಡವಳನ್ನು ಒಂದು ಸಲ ಕೇಳಿರಲಿಲ್ಲ. ಗೋವರ್ಧನ್ ಕೇಳಿರುತ್ತಾನೆ. ಕೇಳದೆ ಬಿಡುವವನಲ್ಲ ಅವನು.

ಈ ಸಂಬಂಧ ತಂದದ್ದೂ ಗೋವರ್ಧನನೇ ಅಲ್ಲವೇ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು, ನಮ್ಮೂರಲ್ಲಿ ಒಂದು ಹುಡುಗಿ ಐತೆ ಕಣೋ, ಟೀಚರ್ ಕೆಲಸ, ನಗು ಚೆನ್ನಾಗೈತೆ, ನಿಂಗೆ ಹೇಳಿ ಮಾಡಿಸಿದಂಗೈತೆ ಅಂದಿದ್ದ. ನಗು ಚೆನ್ನಾಗೈತೆ ಅಂದಿದ್ದ! ಅವತ್ತು ಖುಷಿಯಾಗಿದ್ದ ಮಾತು ಇವತ್ತು ಸ್ಕೂಟರು ಹತ್ತಿ ಕೋಟೆ ಬೆಟ್ಟದ ಬುಡದ ರಸ್ತೆಯಲ್ಲಿ ಕ್ಲಿನಿಕ್ಕಿಗೆ ಹೋಗುವಾಗ ರಾಮಾಂಜಿಗೆ ಚುಚ್ಚಿತು. ನಗು ಚೆನ್ನಾಗಿದೆ ಎಂದು ಅವನು ನೋಡಿದ್ದು ಯಾವಾಗ? ಎಲ್ಲಿ? ತನಗಿಂತ ಮೊದಲು ನೋಡಿದವನು. ಈಗ ಆ ನಗುವಿನ ಒಳಗೆ ಕೈಯಾಡಿಸಿ, ತಾನು ಮಾಡಿದ್ದನ್ನೆಲ್ಲ ಕೆದಕಿ ತೆಗೆದು, ಅವನದೇ ಗುರುತು ಬಿಟ್ಟು ಕಳಿಸಿದ್ದಾನೆ. ಥೂ, ಎಂಥ ಹೊಲಸು ಯೋಚನೆ ಎಂದು ರಾಮಾಂಜಿ ತನ್ನನ್ನೇ ಬೈದುಕೊಂಡ. ಅದೊಂದು ದವಡೆ ಹಲ್ಲು, ಅವನೊಬ್ಬ ಡಾಕ್ಟರು. ಆದರೂ ಸ್ಕೂಟರು ನಿಲ್ಲಿಸುವಾಗ ಅವನ ಮನಸ್ಸಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಗೋವರ್ಧನನ ಕೈಯಲ್ಲಿ ಆ ಹಲ್ಲು ಆರಿದೆಯೋ ಇಲ್ಲವೋ? ಬೇರಿನ ತುದಿಯ ಎಲುಬಿನಲ್ಲಿದ್ದ ಕಪ್ಪು ನೆರಳು ಹೋಗಿದೆಯೋ ಇಲ್ಲವೋ? ಆರಿದ್ದರೆ ತಾನು ಸೋತ. ಆರಿರಬಾರದು ಎಂದುಕೊಂಡ. ಹೆಂಡತಿಯ ಹಲ್ಲು ಆರದೇ ಇರಲಿ ಎಂದು, ಭಾನುವಾರ ಬೆಳಿಗ್ಗೆ, ಹಣೆಗೆ ಕುಂಕುಮ ಇಟ್ಟುಕೊಂಡು ಬಂದವನು, ಮನಸಾರೆ ಬೇಡಿಕೊಂಡ.

ಅವನ ಕ್ಲಿನಿಕ್ಕು ಜೀನ್ಸ್ ಹೊಲಿಯುವ ಅಂಗಡಿಯ ಮಾಳಿಗೆಯ ಮೇಲಿತ್ತು. ಕೆಳಗೆ ಮಿಷನ್ನುಗಳ ಸದ್ದು, ಮೇಲೆ ಅವನ ಡ್ರಿಲ್ಲಿನ ಸದ್ದು. ಅಂಗಡಿಯವರು ಬಿಸಾಡುವ ಕಡುನೀಲಿ ತುಂಡುಗಳನ್ನು ಸಹಾಯಕಿ ಮಂಜುಳ ಒಗೆದು ಮಡಿಸಿ ಟ್ರೇ ಒರೆಸಲು, ಚೆಲ್ಲಿದ್ದನ್ನು ಒತ್ತಲು ಇಟ್ಟುಕೊಳ್ಳುತ್ತಿದ್ದಳು. ಕುರ್ಚಿಯಲ್ಲಿ ಆಗಲೇ ಈಶ್ವರಮ್ಮ ಕೂತಿದ್ದಳು, ಓಬಳಾಪುರದ ಕಡೆಯಿಂದ ಮೊದಲ ಬಸ್ಸಿಗೆ ಬಂದವಳು, ಕೆನ್ನೆ ಕೈಯಲ್ಲಿ ಹಿಡಿದುಕೊಂಡು. "ಸಾರ್, ಇವತ್ತ ಎಲ್ಲಾ ಮುಗಿಸಿಬಿಡ್ರಿ. ಮತ್ತ ಮತ್ತ ಬರಾಕ ಆಗಂಗಿಲ್ರಿ ನನಗ. ಮಧ್ಯಾಹ್ನದ ಬಸ್ಸು ಹೋದ್ರ ಸಂಜಿ ಆಗತೈತಿ," ಅಂದಳು. "ಮುಗೀತದಮ್ಮ, ಬಸ್ಸು ಸಿಗತೈತಿ," ಅಂದ ರಾಮಾಂಜಿ. ಅದರಲ್ಲೇ ಅವನಿಗೆ ಹೆಸರು. ರಾಮಾಂಜಿ ಡಾಕ್ಟರ ಹತ್ತಿರ ಹೋದರೆ ಬಸ್ಸು ತಪ್ಪುವುದಿಲ್ಲ ಎಂದು ಸುತ್ತಲಿನ ಹಳ್ಳಿಗಳಲ್ಲಿ ಆಡಿಕೊಳ್ಳುತ್ತಿದ್ದರು. ಬಳ್ಳಾರಿಯಲ್ಲಿ ಮೂರು ಸಲ ಓಡಾಡಿಸುವ ಕೆಲಸ ಇಲ್ಲಿ ಒಂದೇ ಸಲಕ್ಕೆ. ಬಂದವರಿಗೆ ನೋವು ಹೋಗುತ್ತಿತ್ತು, ಹೋದವರು ಮತ್ತೆ ಬರುತ್ತಿರಲಿಲ್ಲ. ಮತ್ತೆ ಬಾರದವರೆಲ್ಲ ಗುಣವಾದವರು ಎಂದು ಅವನು ಇಷ್ಟು ವರ್ಷ ನೆಮ್ಮದಿಯಾಗಿದ್ದ.

ಹಲ್ಲು ತೆರೆದ. ಸೂಜಿಯಂಥ ಸಣ್ಣ ಅರಗಳನ್ನು ನಾಳದೊಳಗೆ ಇಳಿಸಿ ಕೆರೆದ. ಕಿಟಕಿಯ ಕಟ್ಟೆಯ ಮೇಲಿದ್ದ ಬಾಟ್ಲಿಯಿಂದ ಸಿರಿಂಜಿಗೆ ತೊಳೆಯುವ ನೀರು ಎಳೆದುಕೊಂಡ. ನೀರೆಂದರೆ ನೀರಲ್ಲ, ಬಟ್ಟೆಗೆ ಹಾಕುವ ಬ್ಲೀಚಿನ ಜಾತಿಯದು. ಹಲ್ಲಿನ ಡಾಕ್ಟರುಗಳು ಅದನ್ನು ಹೈಪೋ ಅನ್ನುತ್ತಾರೆ. ಅರ ಹೋಗಲಾರದ ಸಂದಿಗೊಂದಿಗೆ ಅದೇ ಹೋಗಬೇಕು, ಕೊಳೆತದ್ದನ್ನು ಅದೇ ಕರಗಿಸಬೇಕು, ಹುಳವನ್ನು ಅದೇ ಕೊಲ್ಲಬೇಕು. ಈಶ್ವರಮ್ಮ ಸೆರಗನ್ನು ಆಚೆ ಎಳೆದುಕೊಂಡಳು, ಬಾಯಿ ತೆರೆದಿದ್ದ ಹಾಗೇ ಕಣ್ಣಿನಲ್ಲಿ ಕೇಳಿದಳು. ಹೊಸ ಸೀರೆಯಿರಬೇಕು, ಕಲೆಯಾದೀತೆಂಬ ಭಯ. "ಹೆದರಬ್ಯಾಡಮ್ಮ. ನಮ್ಮಲ್ಲಿ ಕಲಿ ಬೀಳಂಗಿಲ್ಲ," ಅಂದ. ಇದೂ ಅವನ ಇನ್ನೊಂದು ಹೆಮ್ಮೆ. ಗೋವರ್ಧನನ ಮೈಮೇಲೆ ಕಾಲೇಜಿನಲ್ಲಿ ಒಂದು ಅಂಗಿ ನೆಟ್ಟಗಿರಲಿಲ್ಲ. ಎಲ್ಲದರ ಮೇಲೂ ಹೈಪೋ ಬಿದ್ದು ಬಿಳಿಚಿದ ಚುಕ್ಕೆ. ನಕ್ಷತ್ರ ಬಂದ ನೋಡ್ರೋ ಎಂದು ಎಲ್ಲರೂ ರೇಗಿಸುತ್ತಿದ್ದರು, ರಾಮಾಂಜಿ ಎಲ್ಲರಿಗಿಂತ ಜೋರಾಗಿ. ಆ ಮಹಾಶಯ ಒಂದೊಂದು ಹಲ್ಲನ್ನು ಅರ್ಧ ಗಂಟೆ ತೊಳೆಯುತ್ತಿದ್ದ. ಹೈಪೋ ಬಿಡುವುದು, ಸಣ್ಣಗೆ ನಡುಗುವ ಕಡ್ಡಿಯಿಂದ ಅದನ್ನು ಒಳಗೆ ಅಲುಗಿಸುವುದು, ಹೀರಿ ತೆಗೆಯುವುದು, ಮತ್ತೆ ಹೊಸದು ಬಿಡುವುದು. ಪಕ್ಕದ ಕುರ್ಚಿಯಲ್ಲಿ ರಾಮಾಂಜಿ ಎರಡು ಹಲ್ಲು ಮುಗಿಸಿರುತ್ತಿದ್ದ. ಆದರೂ ಮೇಷ್ಟ್ರು ಎಲ್ಲರನ್ನೂ ಕರೆದು ತೋರಿಸುತ್ತಿದ್ದದ್ದು ಗೋವರ್ಧನನ ಎಕ್ಸ್‌ರೇಯನ್ನೇ. ತುಂಬುವುದು ಯಾರಾದರೂ ತುಂಬುತ್ತಾರೆ, ತೊಳೆಯುವವನನ್ನು ನೋಡ್ರಿ ಅನ್ನುತ್ತಿದ್ದರು. ಅವರು ಹಾಗೆ ಅಂದ ದಿನ ರಾಮಾಂಜಿ ಮಧ್ಯಾಹ್ನ ಊಟ ಮಾಡಿರಲಿಲ್ಲ.

ಬಾಟ್ಲಿಗೆ ನೀರು ಬೆರೆಸುವ ಅಭ್ಯಾಸವೂ ಅಲ್ಲಿಂದಲೇ ಬಂದದ್ದು. ಒಬ್ಬ ಅಜ್ಜನ ಹಲ್ಲು ತೊಳೆಯುವಾಗ ಅವಸರದಲ್ಲಿ ರಾಮಾಂಜಿ ಸಿರಿಂಜನ್ನು ಗಟ್ಟಿಯಾಗಿ ಒತ್ತಿಬಿಟ್ಟಿದ್ದ; ಹೈಪೋ ಬೇರಿನ ಆಚೆ ದಾಟಿ, ನೋಡನೋಡುತ್ತಿದ್ದ ಹಾಗೆ ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಓಡಿ ಬಂದು ಅಜ್ಜನನ್ನು ಸಂಭಾಳಿಸಿದವನು ಗೋವರ್ಧನ್. ಯಾರಿಗೂ ಹೇಳಲಿಲ್ಲ, ಒಂದು ಮಾತು ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಅಂದಿನಿಂದ ರಾಮಾಂಜಿ ಹೈಪೋವನ್ನು ನೀರು ಮಾಡುತ್ತಲೇ ಬಂದ. ದೊಡ್ಡ ಕ್ಯಾನು ತರಿಸಿ, ನೀರು ಸೇರಿಸಿ, ಪಾರದರ್ಶಕ ಬಾಟ್ಲಿಗೆ ತುಂಬಿ ಕೈಗೆ ಸಿಗಲೆಂದು ಕಿಟಕಿಯಲ್ಲಿ ಇಡುತ್ತಿದ್ದ. ಪಡುವಣದ ಕಿಟಕಿ, ರಾಯದುರ್ಗದ ಬಿಸಿಲು ಮಧ್ಯಾಹ್ನದಿಂದ ಮುಳುಗುವವರೆಗೆ ಆ ಬಾಟ್ಲಿಯ ಮೇಲೇ. ವನಿತಾಳ ಹಲ್ಲಿನ ದಿನ ಅವನು ಇನ್ನೂ ಸ್ವಲ್ಪ ನೀರು ಬೆರೆಸಿದ್ದ. ಅವಳ ಕೆನ್ನೆ, ಅವಳ ಕಣ್ಣು ಎಂದು. ಕೈ ನಡುಗಿದರೆ ಎಂದು. ಅವಳು ಕುರ್ಚಿಯ ಹಿಡಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು. ಮುಗಿದ ಮೇಲೆ ಎಕ್ಸ್‌ರೇ ತೋರಿಸಿ, ಬೇರಿನ ತುದಿವರೆಗೆ ಇಳಿದ ಬಿಳಿ ಗೆರೆಯನ್ನು ಬೆರಳಿಟ್ಟು ತೋರಿಸಿ, "ನೂರು ವರ್ಷ ಇರತೈತಿ ನೋಡು" ಅಂದಿದ್ದ. ತುದಿಯಲ್ಲಿದ್ದ ಕಪ್ಪನ್ನು ಅವಳೇ ಕೇಳಿದ್ದಳು. "ಅದು ತಾನ ಹೋಗತೈತಿ" ಅಂದಿದ್ದ.

"ಸಾರ್, ಇನ್ನೊಮ್ಮೆ ತೊಳೀಲೇನ್ರಿ?" ಸಿರಿಂಜು ಹಿಡಿದು ಮಂಜುಳ ಕೇಳಿದಾಗ ರಾಮಾಂಜಿ ಗಡಿಯಾರ ನೋಡಿದ. ಈಶ್ವರಮ್ಮನೂ ನೋಡಿದಳು. "ಸಾಕು, ತುಂಬೋಣು," ಅಂದ. ತುಂಬಿದ. ಎಕ್ಸ್‌ರೇ ಚೆನ್ನಾಗಿ ಬಂತು. ಈಶ್ವರಮ್ಮ ಕೆನ್ನೆ ಒತ್ತಿ ನೋಡಿಕೊಂಡು, "ನೋವು ಹೋತ್ರಿ ಸಾರ್, ದೇವರಿದ್ದಂಗ ಅದೀರಿ ನೀವು," ಎಂದು ಕೈ ಮುಗಿದು ಬಸ್ಸಿಗೆ ಓಡಿದಳು. ಬೇರೆ ದಿನವಾಗಿದ್ದರೆ ಆ ಮಾತು ಅವನಿಗೆ ಊಟದಷ್ಟು ಹಿತವಾಗುತ್ತಿತ್ತು. ಇವತ್ತು ಹಿತವಾಗಲಿಲ್ಲ, ಯಾಕೆಂದರೆ ಅದೇ ಹೊತ್ತಿಗೆ ಇನ್ನೊಂದು ನೆನಪಾಯಿತು. ವನಿತಾಳ ನೇರಳೆ ಸೀರೆ. ಸೆರಗಿನ ಮೇಲೆ, ಹೆಗಲ ಹತ್ತಿರ, ಶೇಂಗಾ ಬೀಜದಷ್ಟು ಒಂದು ಬಿಳಿ ಚುಕ್ಕೆ. ಹಬ್ಬದ ಹಿಂದೆಮುಂದೆ ಅವನೇ ನೋಡಿ, ಸೋಪು ಬದಲಾಯಿಸು, ಬಟ್ಟೆ ಹಾಳು ಮಾಡತೈತಿ ಅಂದಿದ್ದ. ಅವಳು "ಹೂಂ" ಅಂದಿದ್ದಳು. ಹೂಂ! ಅಮ್ಮನ ಮಂಡಿ ನೋವು, ಅಮ್ಮನ ಕಣ್ಣಿನ ಪೊರೆ, ಅಮ್ಮನಿಗೆ ಅಮರಾಪುರದ ನಾಟಿ ಔಷಧಿ ಎಂದು ಮೇಲಿಂದ ಮೇಲೆ ಮಡಕಶಿರಕ್ಕೆ ಹೋದದ್ದು, ಬಂದಾಗಲೆಲ್ಲ ಮಾತಿನಲ್ಲಿ ತವರಿನ "ಕಣ್ರೀ", "ಐತೆ" ವಾಪಸು ಬಂದಿರುತ್ತಿದ್ದದ್ದು, ಎಲ್ಲ ಒಂದಕ್ಕೊಂದು ಕೂಡಿಕೊಂಡು ಅವನ ಎದೆಯ ಮೇಲೆ ಹತ್ತಿ ಕೂತವು. ಇಷ್ಟು ದಿನ ಅವಳು ಇನ್ನೊಬ್ಬನ ಗುರುತನ್ನು ಹೆಗಲ ಮೇಲೆ ಹೊತ್ತು ತನ್ನ ಮನೆಯೊಳಗೆ ಓಡಾಡಿದ್ದಾಳೆ. ತಾನು ಸೋಪನ್ನು ಬೈಯುತ್ತ ಕೂತಿದ್ದೇನೆ. ಫೋನು ತೆಗೆದು, "ಕ್ಲಿನಿಕ್ಕಿಗೆ ಬಾ. ನಿನ್ನ ಹಲ್ಲು ನೋಡಬೇಕು," ಅಂದ. "ಬರ್ತೀನಿ," ಅಂದಳು ವನಿತಾ.

ಮಂಜುಳ ಮನೆಗೆ ಹೋದ ಮೇಲೆ ವನಿತಾ ಮೆಟ್ಟಿಲು ಹತ್ತಿ ಬಂದಳು. ಅದೇ ನೇರಳೆ ಸೀರೆ ಉಟ್ಟಿದ್ದಳು. ಬೇಕೆಂದೇ ಉಟ್ಟಳೋ, ಕೈಗೆ ಸಿಕ್ಕಿತೆಂದು ಉಟ್ಟಳೋ, ರಾಮಾಂಜಿಗೆ ತಿಳಿಯಲಿಲ್ಲ. ತಿಳಿಯದ್ದಕ್ಕೆ ಸಿಟ್ಟು ಬಂತು. ಅವಳು ಏನೂ ಕೇಳದೆ ಕುರ್ಚಿ ಹತ್ತಿ ಕೂತಳು. ಭಾನುವಾರದ ಮಧ್ಯಾಹ್ನ, ಕೆಳಗಿನ ಮಿಷನ್ನುಗಳೂ ನಿಂತಿದ್ದವು. ದೀಪ ಹಾಕಿ ಕನ್ನಡಿಯಿಂದ ಆ ಹಲ್ಲನ್ನು ಹತ್ತಿರದಿಂದ ನೋಡಿದ. ಎಷ್ಟು ಚೆನ್ನಾಗಿತ್ತೆಂದರೆ ಅವನಿಗೆ ಅಳು ಬಂದಂತಾಯಿತು.

"ಯಾವಾಗ ಮಾಡಿಸಿದಿ?"

"ಅಮ್ಮನ ಕಣ್ಣು ಆಪರೇಷನ್‌ಗೆ ಹೋಗಿದ್ನಲ್ಲ, ಆವಾಗ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ದೆ ಕಣ್ರೀ," ಅಂದಳು ವನಿತಾ. ದನಿಯಲ್ಲಿ ಜಗಳವಿರಲಿಲ್ಲ. "ಅಗಿಯುವಾಗ ನೋಯ್ತೈತೆ ಅಂತ ನಿಮಗೇ ಮೊದ್ಲು ಹೇಳಿದ್ದು. ಎಕ್ಸ್‌ರೇ ಅಷ್ಟು ಚಂದ ಐತಿ, ನೋವು ಇರಾಕ ಸಾಧ್ಯನ ಇಲ್ಲ, ನಿನ್ನ ಮನಸ್ಸಿಗೆ ಹಂಗ ಅನ್ಸತೈತಿ ಅಂದ್ರಿ. ಎರಡು ಸಲ ಅಂದ್ರಿ. ಆಮೇಲೆ ನಾನು ಎಡಗಡೆ ಅಗಿಯೋಕೆ ಶುರು ಮಾಡ್ದೆ."

ಅವನು ಅಂದಿದ್ದ. ಟಿವಿ ನೋಡುತ್ತ ಅಂದಿದ್ದ, ಈಗ ನೆನಪಾಯಿತು. ನೆನಪಾದ ಕೂಡಲೇ ಮನಸ್ಸು ಅದನ್ನು ಆಚೆ ತಳ್ಳಿ ಗೋವರ್ಧನನ ಕಡೆ ಹೊರಳಿತು. ಅಲ್ಲಿ ಉರಿಯುವುದು ಇಲ್ಲಿ ನಾಚುವುದಕ್ಕಿಂತ ಸುಲಭವಾಗಿತ್ತು. ಎಕ್ಸ್‌ರೇಯ ಪುಟ್ಟ ತಗಡನ್ನು ಅವಳ ನಾಲಿಗೆಯ ಪಕ್ಕ ಇಡುತ್ತ ಕೇಳಿದ, "ನನ್ನ ಕೆಲಸ ನೋಡಿ ಅವನು ಏನಂದ?" ಅವಳು ತಗಡನ್ನು ಕಚ್ಚಿಕೊಂಡು ತಲೆಯಾಡಿಸಿದಳು. ಚಿತ್ರ ತೆಗೆದುಕೊಂಡು ತಗಡು ಹೊರಗೆಳೆದ. "ಏನಾರ ಅಂದಿರಬೇಕು. ನಕ್ಕಿರಬೇಕು."

"ನಗಲಿಲ್ಲ. ರಾಮಾಂಜಿ ಚೆನ್ನಾಗೇ ತುಂಬವ್ನೆ, ಒಳಗೆ ತೊಳೆಯೋದು ಒಂಚೂರು ಉಳ್ಕೊಂಡೈತೆ ಅಂದ್ರು. ಅಷ್ಟೇ."

"ಎಷ್ಟೊತ್ತು ತೊಳೆದ?"

"ಗೊತ್ತಿಲ್ಲ ಕಣ್ರೀ," ಅಂದಳು. "ನಂಗೆ ನಿದ್ದೆ ಬಂದ್ಬಿಡ್ತು."

ನಿದ್ದೆ! ಬೇರೆ ಏನು ಹೇಳಿದ್ದರೂ ಅವನು ತಡೆದುಕೊಳ್ಳುತ್ತಿದ್ದ. ತನ್ನ ಕುರ್ಚಿಯಲ್ಲಿ ಹಿಡಿ ಬಿಗಿ ಹಿಡಿದು, ಕಣ್ಣು ಮುಚ್ಚದೆ, ಮೈಯೆಲ್ಲ ಗಟ್ಟಿ ಮಾಡಿಕೊಂಡು ಕೂತಿದ್ದವಳು ಅಲ್ಲಿ ಆ ನಕ್ಷತ್ರದ ಅಂಗಿಯವನ ಎದುರು ಬಾಯಿ ತೆರೆದುಕೊಂಡು ನಿದ್ದೆ ಮಾಡಿದ್ದಾಳೆ. ಮದುವೆಯಾಗಿ ಇಷ್ಟು ವರ್ಷವಾದರೂ ಬಸ್ಸಿನಲ್ಲಿ ತನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದವಳಲ್ಲ. ಬ್ಯಾಗು ಯಾರು ನೋಡ್ತಾರೆ ಅನ್ನುವವಳು. ರಾಮಾಂಜಿಯ ಕಿವಿ ಬಿಸಿಯಾದವು. ಲ್ಯಾಪ್‌ಟಾಪಿನ ಪರದೆಯ ಮೇಲೆ ಚಿತ್ರ ಮೂಡಿತ್ತು. ತಾನು ತುಂಬಿದ ದಿನದ ಚಿತ್ರವನ್ನು ಹುಡುಕಿ ಅದರ ಪಕ್ಕ ಇಟ್ಟ. ಹಳೆಯದರಲ್ಲಿ ಬೇರಿನ ತುದಿಗೆ ಜೋತುಬಿದ್ದ ಕಪ್ಪು, ಅವರೆಕಾಳಿನಷ್ಟು. ಹೊಸದರಲ್ಲಿ ಕಪ್ಪು ಇರಲಿಲ್ಲ. ಎಲುಬು ಎಳೆ ಎಳೆಯಾಗಿ ಬೆಳೆದು ಬಂದು ಆ ಗುಳಿಯನ್ನು ತುಂಬಿ, ಬೇರಿನ ಸುತ್ತ ತೆಳ್ಳನೆಯ ಗೆರೆ ಮತ್ತೆ ಎದ್ದಿತ್ತು. ಆರಿತ್ತು. ಇಷ್ಟು ಚೆನ್ನಾಗಿ ಆರಿದ್ದನ್ನು ಅವನು ತನ್ನ ಕ್ಲಿನಿಕ್ಕಿನಲ್ಲಿ ನೋಡಿದ್ದು ಯಾವಾಗ? ನೋಡಿರಲಿಲ್ಲ. ನೋಡಲು ಯಾರೂ ಮತ್ತೆ ಬಂದಿರಲಿಲ್ಲ, ಅವನೂ ಕರೆದಿರಲಿಲ್ಲ. ಪ್ರತಿ ದಿನ ವಾಪಸು ಬರುತ್ತಿದ್ದ ಪೇಷಂಟು ಅವಳೊಬ್ಬಳೇ, ಊಟಕ್ಕೆ ಎದುರು ಕೂರುತ್ತಿದ್ದವಳು.

ಪರದೆಯನ್ನು ಅವಳಿಗೆ ಕಾಣದ ಹಾಗೆ ತಿರುಗಿಸಿದ. "ಆರಿಲ್ಲ," ಅಂದ.

ವನಿತಾ ಅವನ ಮುಖ ನೋಡಿದಳು.

"ಆರಿಲ್ಲ. ಒಳಗ ಹಂಗ ಐತಿ. ತೆರೀಬೇಕು." ತನ್ನ ದನಿ ಇಷ್ಟು ಸಹಜವಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯ. ಸುಳ್ಳು ಹೇಳುತ್ತಿದ್ದೇನೆ ಎಂದು ಗೊತ್ತಿತ್ತು. ಹೇಳಿದ ಮೇಲೆ ಒಂದು ರೀತಿಯ ಹಗುರ. ತೆರೆಯುತ್ತಾನೆ, ಗೋವರ್ಧನ್ ಕೊರೆದ ಗೀರುಗಳನ್ನೆಲ್ಲ ಅರೆದು ತೆಗೆಯುತ್ತಾನೆ, ತಾನೇ ಮತ್ತೆ ತುಂಬುತ್ತಾನೆ, ನಾಳೆ ಅವಳು ನಕ್ಕರೆ ಕಾಣುವುದು ತನ್ನ ಸಿಮೆಂಟು. ಆಮೇಲೆ ಏನಾಗುತ್ತದೋ ಆಗಲಿ. ನರವಿಲ್ಲದ ಹಲ್ಲು, ನೋವೂ ಆಗುವುದಿಲ್ಲ. ಡ್ರಿಲ್ಲಿಗೆ ಕೊರೆಯುವ ಬರ್ರು ಸಿಕ್ಕಿಸಿ ಪೆಡಲು ಒತ್ತಿ ನೋಡಿದ. ಸದ್ದು ಕೋಣೆಯನ್ನೆಲ್ಲ ತುಂಬಿತು.

ಬೇಡ ಎನ್ನುತ್ತಾಳೆ ಎಂದುಕೊಂಡಿದ್ದ. ಎದ್ದು ಹೋಗುತ್ತಾಳೆ, ತೋರಿಸಿ ನೋಡೋಣ ಎಂದು ಪರದೆ ಎಳೆಯುತ್ತಾಳೆ, ಗೋವರ್ಧನನಿಗೆ ಫೋನು ಹಚ್ಚುತ್ತಾಳೆ. ಹಾಗೆ ಏನೂ ಆಗಲಿಲ್ಲ. "ಹಂಗಾದ್ರೆ ತೆರೀರಿ," ಎಂದು ವನಿತಾ ತಲೆಯನ್ನು ಹಿಂದಕ್ಕೆ ಒರಗಿಸಿ ಬಾಯಿ ತೆರೆದಳು. ಕಣ್ಣು ಮುಚ್ಚಲಿಲ್ಲ, ಅವನನ್ನೇ ನೋಡುತ್ತಿದ್ದಳು. ಡ್ರಿಲ್ಲು ಅವಳ ತುಟಿಯ ಹತ್ತಿರ ಬಂದಾಗ ಏನೋ ನೆನಪಾದಂತೆ ಕೈ ಅಡ್ಡ ಹಿಡಿದಳು. "ಒಂದ್ನಿಮಿಷ. ಸೆರಗಿನ ಮೇಲೆ ಪ್ಲಾಸ್ಟಿಕ್ ಗೀಸ್ಟಿಕ್ ಏನಾದ್ರೂ ಹೊದಿಸ್ರೀ. ತೊಳೆಯುವಾಗ ಬಿದ್ರೆ ಚುಕ್ಕೆ ಆಗ್ತೈತೆ. ಅಲ್ಲಿ ಹಂಗೇ ಆಯ್ತು."

"ಹೆದರಬ್ಯಾಡ," ಅಂದ ರಾಮಾಂಜಿ, ಎಷ್ಟೋ ಜನರಿಗೆ ಹೇಳಿ ಹೇಳಿ ಪಾಠವಾದ ದನಿಯಲ್ಲಿ. "ನಮ್ಮಲ್ಲಿ ಕಲಿ ಬೀಳಂಗಿಲ್ಲ."

ಹೇಳಿದ ಮಾತು ಹೊರಗೆ ಹೋಗಲಿಲ್ಲ, ಅಲ್ಲೇ ನಿಂತಿತು. ಪೆಡಲಿನ ಮೇಲಿನ ಕಾಲು ತಾನೇ ಮೇಲೆದ್ದಿತು. ನಮ್ಮಲ್ಲಿ ಕಲಿ ಬೀಳಂಗಿಲ್ಲ. ಯಾಕೆ ಬೀಳುವುದಿಲ್ಲ? ಜೀನ್ಸ್ ಹೊಲಿಯುವ ಊರಿನವನು ಅವನು. ಬ್ಲೀಚು ಬಿದ್ದರೆ ನೀಲಿ ಬಟ್ಟೆ ಏನಾಗುತ್ತದೆ ಎಂದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಟ್ರೇಯ ಪಕ್ಕ ಮಂಜುಳ ಮಡಿಸಿಟ್ಟ ನೀಲಿ ತುಂಡುಗಳು ಇದ್ದವು, ವರ್ಷಗಟ್ಟಲೆಯಿಂದ ಇದ್ದವು, ದಿನಾ ಅದೇ ಹೈಪೋವನ್ನು ಒರೆಸುತ್ತಿದ್ದವು. ಒಂದಾದರೂ ಬಿಳಿಚಿದ್ದನ್ನು ಅವನು ಕಂಡಿರಲಿಲ್ಲ. ಡ್ರಿಲ್ಲನ್ನು ಕೆಳಗಿಟ್ಟು ಎದ್ದ. ಕಿಟಕಿಯ ಬಾಟ್ಲಿ ಬಿಸಿಲಿಗೆ ಬೆಚ್ಚಗಾಗಿತ್ತು. ಮುಚ್ಚಳ ತೆಗೆದು ಮೂಸಿದ. ಕಾಲೇಜಿನಲ್ಲಿ ಗೋವರ್ಧನನ ಅಂಗಿಯಿಂದ, ಕೈಯಿಂದ, ಹಾಸಿಗೆಯಿಂದ ಬರುತ್ತಿದ್ದ ಆ ಮೂಗಿಗೆ ಚುಚ್ಚುವ ವಾಸನೆ ಇರಲಿಲ್ಲ. ಯಾವ ವಾಸನೆಯೂ ಇರಲಿಲ್ಲ. ಕಡುನೀಲಿ ತುಂಡೊಂದನ್ನು ಹರವಿ ಅದರ ಮೇಲೆ ಸುರಿದ. ಕಾದ. ಇನ್ನಷ್ಟು ಸುರಿದ. ಬಟ್ಟೆ ಒದ್ದೆಯಾಯಿತು, ಅಷ್ಟೇ. ನೀಲಿ ನೀಲಿಯಾಗಿಯೇ ಉಳಿಯಿತು. ಅವನೇ ನೀರು ಮಾಡಿದ್ದನ್ನು ಬಿಸಿಲು ಪೂರಾ ನೀರು ಮಾಡಿಟ್ಟಿತ್ತು. ಬಸ್ಸು ತಪ್ಪದ ಹಾಗೆ ಮನೆ ಸೇರಿದ ಅಷ್ಟೂ ಜನರ ದವಡೆಯೊಳಗೆ ಅವನು ಇಳಿಸಿದ್ದು ಈ ನೀರನ್ನು. ಅದರ ಮೇಲೆ ಚೆಂದಾಗಿ ಬಿಳಿ ಗೆರೆ ಎಳೆದು ಕಳಿಸಿದ್ದ. ಅವರಲ್ಲಿ ಎಷ್ಟು ಜನ ಈಗ ಒಂದೇ ಕಡೆ ಅಗಿಯುತ್ತ ಕೂತಿದ್ದಾರೋ.

ವನಿತಾ ಬಾಯಿ ಮುಚ್ಚಿರಲಿಲ್ಲ. ಕುರ್ಚಿಯಲ್ಲಿ ಒರಗಿದ ಹಾಗೇ ಅವನನ್ನು ನೋಡುತ್ತಿದ್ದಳು.

"ಬಾಯಿ ಮುಚ್ಚು," ಅಂದ. "ಆರೈತಿ ವನಿತಾ. ಪೂರ್ತಿ ಆರೈತಿ. ನಾನು ಸುಳ್ಳು ಹೇಳಿದೆ."

"ಗೊತ್ತು," ಅಂದಳು. "ಹೋದ ಸಲ ಹೋದಾಗ್ಲೇ ಅವ್ರು ಎಕ್ಸ್‌ರೇ ತೆಗ್ದು ತೋರ್ಸಿದ್ರು."

"ಮತ್ತ ಬಾಯಿ ಯಾಕ ತೆರೆದಿ?"

"ನೀವು ತೆರೀತೀರೋ ಇಲ್ವೋ ನೋಡಾಣ ಅಂತ."

ಅವಳು ಕೈ ಬೀಸಿ ಹೊಡೆದಿದ್ದರೂ ರಾಮಾಂಜಿಗೆ ಇಷ್ಟು ತಾಗುತ್ತಿರಲಿಲ್ಲ. ಅವಳ ಕಣ್ಣನ್ನು ತಪ್ಪಿಸಿ ಫೋನು ತೆಗೆದುಕೊಂಡ. ಬೆಳಿಗ್ಗೆ ಮಂಜುಳ ಬರೆದಿಟ್ಟಿದ್ದ ಈಶ್ವರಮ್ಮನ ನಂಬರು ಹುಡುಕಿ ಹಚ್ಚಿದ. ಆ ಕಡೆ ಬಸ್ಸಿನ ಗದ್ದಲದ ನಡುವೆ ಈಶ್ವರಮ್ಮ ಕೂಗಿದಳು, "ಹೇಳ್ರಿ ಸಾರ್!"

"ಅಮ್ಮ, ನೀವು ಮತ್ತ ಬರಬೇಕು. ಆ ಹಲ್ಲು ಇನ್ನೊಮ್ಮೆ ತೆರೀಬೇಕು."

"ಯಾಕ್ರಿ ಸಾರ್? ನೋವು ಎಲ್ಲಾ ಹೋಗೇತಲ್ರಿ! ಚೆಂದಾಗಿ ಮಾಡೀರಿ ನೀವು."

ಹೇಳಲು ನೂರು ನೆಪವಿತ್ತು. ಸಿಮೆಂಟು ಸರಿ ಕೂತಿಲ್ಲ ಅನ್ನಬಹುದಿತ್ತು, ಕ್ಯಾಪಿನ ಅಳತೆ ಅನ್ನಬಹುದಿತ್ತು. ವನಿತಾ ಕೇಳಿಸಿಕೊಳ್ಳುತ್ತಿದ್ದಳು. "ನೋವು ಹೋಗೇತಮ್ಮ," ಅಂದ ರಾಮಾಂಜಿ. "ಆದರ ಒಳಗ ನಾನು ತೊಳದಿಲ್ಲ. ತೊಳದಂಗ ಮಾಡೀನಿ ಅಷ್ಟ. ಈ ಸಲ ಬಸ್ಸಿನ ಚಿಂತಿ ಬಿಟ್ಟು ಬರ್ರಿ, ಹೊತ್ತು ಹಿಡೀತೈತಿ."

ಈಶ್ವರಮ್ಮ ಏನೋ ಅಂದಳು, ಬೈದಳೋ ಒಪ್ಪಿದಳೋ, ಬಸ್ಸಿನ ಹಾರನ್ನಿನಲ್ಲಿ ಮುಳುಗಿತು. ಫೋನಿಟ್ಟು ಬಾಟ್ಲಿಯನ್ನು ಬೇಸಿನ್ನಿಗೆ ಬಗ್ಗಿಸಿದ. ಹಗುರಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ನಾಚಿಕೆ ಒಂದು ಕಡೆ ಇತ್ತು, ಅದರ ಪಕ್ಕದಲ್ಲೇ ಹೊಟ್ಟೆಕಿಚ್ಚೂ ಒಂದಿಷ್ಟೂ ಕರಗದೆ ಕೂತಿತ್ತು. ಹೊಸ ಹೈಪೋ ತರಬೇಕು, ಆ ನಡುಗುವ ಕಡ್ಡಿಯನ್ನು ತರಿಸಬೇಕು, ಅದನ್ನು ಹೇಗೆ ಹಿಡಿಯಬೇಕೆಂದು ಯಾರನ್ನು ಕೇಳಬೇಕು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಉರಿ. ವನಿತಾ ಕುರ್ಚಿಯಿಂದ ಇಳಿದು ಸೆರಗು ಸರಿ ಮಾಡಿಕೊಂಡಳು. ಆ ಚುಕ್ಕೆ ಅವಳ ಹೆಗಲ ಮೇಲೆ ಬೆಳ್ಳಗೆ ಬಂದು ಕೂತಿತು.

"ಆ ಸೀರಿ ಇನ್ನ ಉಡಬ್ಯಾಡ," ಅಂದ ರಾಮಾಂಜಿ. ಹೇಳಬಾರದೆಂದು ಗೊತ್ತಿದ್ದೂ ಹೇಳಿದ.

ವನಿತಾ ಕೈ ಚಾಚಿ ಕುರ್ಚಿಯ ಮೇಲಿನ ದೀಪ ಆರಿಸಿದಳು.

"ಉಡ್ತೀನಿ," ಅಂದಳು.